ಗಣಿಯ ಮೇಲೊಂದು ಇಂಗ್ಲಿಷ್ ಕ್ಲಾಸು

ಇಂಗ್ಲಿಷ್ ಕಲಿಸುವವರ ಬಾಳಿನಲ್ಲಿ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ಆಗುವುದು ನಿಂತ ದಿನ ಅವರು ಕಲಿಸುವುದನ್ನು ಬಿಟ್ಟಿದ್ದಾರೆಂದೇ ತಿಳಿಯಬೇಕು. ನಾನು ನಿವೃತ್ತಿಯಾಗುವವರೆಗೂ ಊರೂರು ಸುತ್ತಿ ಇಂಗ್ಲಿಷ್ ಹೇಳಿದವಳು. ಆದರೆ ಮೊದಲ ವರ್ಷದಷ್ಟು ಬೆವರಿದ್ದೂ ಇಲ್ಲ, ನಕ್ಕಿದ್ದೂ ಇಲ್ಲ.

ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿ. ಹೊಲ, ಹಸು, ಹಾಲು, ಇಷ್ಟೇ ಲೋಕ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕೆಜಿಎಫ್‌ನ ಚಿನ್ನದ ಗಣಿ ಇರುವ ಕೋರಮಂಡಲ್ ಕಡೆಯ ಒಂದು ಮಿಡ್ಲ್ ಸ್ಕೂಲಿನಲ್ಲಿ ನನಗೆ ಒಂದು ವರ್ಷದ ತಾತ್ಕಾಲಿಕ ಕೆಲಸ ಸಿಕ್ಕಿತು, ಏಳನೇ ಕ್ಲಾಸಿಗೆ ಇಂಗ್ಲಿಷ್ ಹೇಳುವುದು. ಅಪ್ಪ ಗಡುವು ಕೊಟ್ಟೇ ಕಳಿಸಿದರು. "ಒಂದು ವರ್ಸ ಓಗಿ ಬಾ. ಕೆಲ್ಸ ಖಾಯಂ ಆದ್ರೆ ನಾನು ಬಾಯಿ ಬಿಚ್ಚಲ್ಲ. ಆಗ್ಲಿಲ್ಲ ಅಂದ್ರೆ ನೀನು ಬಾಯಿ ಬಿಚ್ಚಬಾರ್ದು. ಮುಳಬಾಗಲು ಸಂಬಂಧ ಒಪ್ಕೋಬೇಕು" ಎಂದರು. ಆ ಮುಳಬಾಗಲಿನ ಗಂಡು ಹೇಗಿದ್ದಾನೆ ಎಂದು ಅಮ್ಮ ಕೇಳಿದಾಗಲೆಲ್ಲ ಅಪ್ಪ ಅವರ ಮನೆಯ ಸೀಮೆಹಸುಗಳನ್ನು ಹೊಗಳುತ್ತಿದ್ದರು. "ಹುಡುಗ ಹೇಗಿದ್ದಾನೆ ಅಂದ್ರೆ?" ಎಂದು ಅಮ್ಮ ಬಿಡದೆ ಕೇಳಿದರೆ, "ನೀನು ಅವ್ರ ಕೊಟ್ಟಿಗೆ ನೋಡ್ಬೇಕು ಕಣೆ" ಎನ್ನುತ್ತಿದ್ದರು.

ಶಾಲೆಯಲ್ಲೂ ಅದೇ ಗಡುವು. ಹೆಡ್‌ಮಾಸ್ಟರಿಗೆ ಮೆಲ್ಲಗೆ ಮಾತಾಡುವ ಅಭ್ಯಾಸವಿರಲಿಲ್ಲ. ಅವರ ಕೋಣೆಯಲ್ಲಿ ಹೇಳಿದ ಗುಟ್ಟು ಆಟದ ಬಯಲಿಗೆ ಕೇಳಿಸುತ್ತಿತ್ತು. "ನೋಡಮ್ಮಾ, ವರ್ಷದ ಕೊನೇಲಿ ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ತಾರೆ. ಮಕ್ಕಳ ಇಂಗ್ಲಿಷ್ ನೋಡಿ ಒಳ್ಳೆ ಮಾತು ಹೇಳಿದ್ರೆ ನೀನು ಖಾಯಂ. ಇಲ್ಲದಿದ್ರೆ ಇಂಗ್ಲಿಷು ಮತ್ತೆ ಡ್ರಿಲ್ ಮಾಸ್ಟರಿಗೆ, ನೀನು ಮನೆಗೆ" ಎಂದರು. ಭಯವಾಗಲಿಲ್ಲ ಎಂದು ಹೇಳಲಾರೆ. ಆದರೆ ಧೈರ್ಯ ಅದಕ್ಕಿಂತ ಒಂದು ಹಿಡಿ ಜಾಸ್ತಿಯೇ ಇತ್ತು. ನನ್ನಿಂದ ಆಗದಿದ್ದರೆ ಇನ್ಯಾರಿಂದ ಆಗುತ್ತದೆ ಎಂದುಕೊಂಡೇ ಕ್ಲಾಸಿಗೆ ಹೋದೆ.

ಬಾಲಕ್ಕೆ ಜ್ವರ

ನನಗಿಂತ ಮುಂಚೆ ಆ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ್ದವರು ಡ್ರಿಲ್ ಮಾಸ್ಟರು. ತುಂಬ ಒಳ್ಳೆಯ ಮನುಷ್ಯ. ಇಂಗ್ಲಿಷನ್ನೂ ಡ್ರಿಲ್ಲಿನ ಹಾಗೆಯೇ ಕಲಿಸಿದ್ದರು, ಅಷ್ಟೆ.

ಮೊದಲ ದಿನ ನಾನು, "ಹಸುವಿನ ಮೇಲೆ ಇಂಗ್ಲಿಷಿನಲ್ಲಿ ಪ್ರಬಂಧ ಬರುತ್ತದಾ?" ಎಂದು ಕೇಳಿದೆ. "ಬರ್ತದೆ ಟೀಚರ್!" ಎಂದು ಇಡೀ ಕ್ಲಾಸು ಹಂಚು ಹಾರಿಹೋಗುವ ಹಾಗೆ ಕೂಗಿತು. ಹಸು ಎಂದರೆ ನನಗೂ ತವರುಮನೆ. ಹೇಳಿ ನೋಡೋಣ ಎಂದೆ.

ಗೋಡೆ ಬದಿಯ ಹುಡುಗ ಎದ್ದ, ಕಾಲು ಅಪ್ಪಳಿಸಿದ, ಹಸು ಒಂದು ಸಾಕುಪ್ರಾಣಿ ಎಂದು ಇಂಗ್ಲಿಷಿನಲ್ಲಿ ಗರ್ಜಿಸಿ ಕೂತ. ಪಕ್ಕದವನು ಎದ್ದು ಅದಕ್ಕೆ ನಾಲ್ಕು ಕಾಲು ಕೊಟ್ಟ. ಅವನ ಪಕ್ಕದವನು ಎರಡು ಕೊಂಬು ಇಟ್ಟ. ಹೀಗೆ ಬೆಂಚಿನಿಂದ ಬೆಂಚಿಗೆ ಹಸು ಬೆಳೆಯುತ್ತಾ ಬಂತು. ನನಗೆ ಖುಷಿಯೋ ಖುಷಿ. ಇಷ್ಟೊಂದು ಕಲಿತ ಮಕ್ಕಳಿಗೆ ನಾನು ಕಲಿಸುವುದಾದರೂ ಏನು ಎಂದುಕೊಳ್ಳುವಷ್ಟರಲ್ಲಿ ಸದ್ದು ನಿಂತುಹೋಯಿತು. ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮುಂದಿನ ಬೆಂಚಿನ ಒಬ್ಬಳು ಎದ್ದು ಹಸುವಿಗೆ ಹುಲ್ಲು ತಿನ್ನಿಸಿ ಕೂತಳು.

"ನಿಲ್ಲಿ, ನಿಲ್ಲಿ. ಮಧ್ಯದಲ್ಲಿ ಏನೋ ಬಿಟ್ಟುಹೋಯಿತಲ್ಲ? ಹಸುವಿಗೆ ಬಾಲ ಇಲ್ಲವಾ?" ಎಂದೆ.

ಹುಲ್ಲು ತಿನ್ನಿಸಿದವಳೇ ಮತ್ತೆ ಎದ್ದಳು. ಎರಡು ಜಡೆ, ಚುರುಕು ಕಣ್ಣು. ಅವಳ ಅಪ್ಪ ಅಲ್ಲಿಯದೇ ಮೈಸೂರು ಮೈನ್ಸ್ ಎಂಬ ಗಣಿಯಲ್ಲಿ ಭೂಮಿಯ ಒಳಗೆ ಕೆಲಸ ಮಾಡುವವನು ಎಂದು ಆಮೇಲೆ ತಿಳಿಯಿತು. "ಬಾಲ ಇವತ್ತು ಬಂದಿಲ್ಲ ಟೀಚರ್. ಜ್ವರ" ಎಂದಳು.

ಆಗ ಗೊತ್ತಾಯಿತು, ಒಬ್ಬೊಬ್ಬರಿಗೆ ಬರುತ್ತಿದ್ದದ್ದು ಒಂದೊಂದೇ ಸಾಲು. ಪಕ್ಕದವರ ಸಾಲು ಪಕ್ಕದವರಿಗೆ ಸೇರಿದ್ದು, ಅದನ್ನು ಮುಟ್ಟಬಾರದು. "ಹೀಗಾದರೆ ಹೇಗೆ? ಪೂರ್ತಿ ಪ್ರಬಂಧ ಒಬ್ಬರೇ ಹೇಳಬೇಕು" ಎಂದೆ. ಎರಡು ಜಡೆಯವಳು ನನ್ನನ್ನು ಕನಿಕರದಿಂದ ನೋಡಿದಳು. "ಗಣೀಲಿ ಟ್ರಾಲಿ ಒಬ್ಬರೇ ತಳ್ಳೋಕ್ಕಾಗ್ತದಾ ಟೀಚರ್? ಗ್ಯಾಂಗ್ ಬೇಕಲ್ಲ" ಎಂದಳು.

ಮಾರನೆಯ ದಿನ ಬಾಲ ಬಂತು. ಆದರೆ ಹಾಲು ಯಾರದೋ ಮದುವೆಗೆಂದು ಕೋಲಾರಕ್ಕೆ ಹೋಗಿತ್ತು.

ಓಡಬಾರದು

ಕೆಜಿಎಫ್‌ನಲ್ಲಿ ಆಗಾಗ ಭೂಮಿ ಅದುರುತ್ತಿತ್ತು. ಎಷ್ಟೋ ಸಾವಿರ ಅಡಿ ಕೆಳಗೆ, ಅಗೆದು ಟೊಳ್ಳಾದ ಬಂಡೆ ಒತ್ತಡ ತಾಳಲಾರದೆ ಸಿಡಿಯುತ್ತಿತ್ತು. ಅಲ್ಲಿಯವರು ಅದಕ್ಕೆ ಬರ್ಸ್ಟು ಎನ್ನುತ್ತಿದ್ದರು. ಈ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಯಾರಿಗೆ ಹೇಳುತ್ತಾರೆ?

ಅವತ್ತು ಪಾಠ ಜೋರಾಗಿಯೇ ನಡೆದಿತ್ತು. ಮಾಡು, ಮಾಡಬೇಡ ಎನ್ನುವ ಇಂಗ್ಲಿಷ್ ಮಾತುಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಇದ್ದಕ್ಕಿದ್ದಂತೆ ಕಾಲ ಕೆಳಗಿನಿಂದ ಗುಡುಗಿದ ಹಾಗಾಯಿತು. ಬೋರ್ಡು ಗಡಗಡ ಎಂದಿತು, ಹಂಚಿನಿಂದ ದೂಳು ಉದುರಿತು. ಹೇಗೆ ಹೋದೆನೋ ಕಾಣೆ, ಕಣ್ಣು ಬಿಟ್ಟಾಗ ಅಂಗಳದ ನಡುವೆ ನಿಂತಿದ್ದೆ. ಒಂದು ಚಪ್ಪಲಿ ಕ್ಲಾಸಿನಲ್ಲಿ, ಇನ್ನೊಂದು ಮೆಟ್ಟಿಲ ಮೇಲೆ. ಕೈಯಲ್ಲಿ ಸೀಮೆಸುಣ್ಣ ಮಾತ್ರ ಭದ್ರವಾಗಿತ್ತು.

ತಿರುಗಿ ನೋಡಿದರೆ ಒಂದು ಮಗುವೂ ಹೊರಗೆ ಬಂದಿರಲಿಲ್ಲ. ಎಲ್ಲರೂ ಅವರವರ ಜಾಗದಲ್ಲೇ ಕೂತು, ಒಂದೊಂದು ಕೈಯಲ್ಲಿ ಇಂಕಿನ ಬುಡ್ಡಿ ಹಿಡಿದುಕೊಂಡಿದ್ದರು. ಅದು ಉರುಳಿ ಚೆಲ್ಲಬಾರದಲ್ಲ. ಕಿಟಕಿ ಬದಿಯ ಹುಡುಗರು ಕತ್ತು ಚಾಚಿ, ದೂರದಲ್ಲಿ ಗಣಿಯ ಬಾಯಿಯ ಮೇಲಿನ ದೊಡ್ಡ ಚಕ್ರವನ್ನು ನೋಡಿದರು. ಅದು ಎಂದಿನಂತೆ ತಿರುಗುತ್ತಿತ್ತು, ಎಂದರೆ ಕೆಳಗೆ ಯಾರಿಗೂ ಏನೂ ಆಗಿಲ್ಲ. ಆಗ ಮಾತ್ರ ಕ್ಲಾಸಿಗೆಲ್ಲ ಉಸಿರು ಬಂದದ್ದು ನನಗೆ ಕಂಡಿತು. ಆ ಮಕ್ಕಳಲ್ಲಿ ಮುಕ್ಕಾಲು ಜನರ ಅಪ್ಪಂದಿರು ಕೆಳಗಿದ್ದರು.

ಎರಡು ಜಡೆಯವಳು ನನ್ನ ಚಪ್ಪಲಿಗಳನ್ನು ಜೋಡಿಸಿ ತಂದು ಮುಂದಿಟ್ಟಳು. "ಬರ್ಸ್ಟು ಟೀಚರ್. ಮುಗೀತು. ಒಳಗೆ ಬನ್ನಿ" ಎಂದಳು.

ಸೆರಗು ಸರಿಮಾಡಿಕೊಂಡು, ಏನೂ ಆಗದವಳ ಹಾಗೆ ಒಳಗೆ ಬಂದೆ. ಗಂಟಲು ಸರಿಮಾಡಿಕೊಂಡೆ. "ಹೂಂ. ಪಾಠ ಎಲ್ಲಿಗೆ ನಿಂತಿತ್ತು?" ಎಂದೆ.

"ಓಡಬೇಡ ಅನ್ನೋದಕ್ಕೆ ಇಂಗ್ಲಿಷಲ್ಲಿ ಏನು ಹೇಳ್ಬೇಕು ಅಂತ ಕಲಿಸ್ತಿದ್ರಿ ಟೀಚರ್."

ರೈಲಿನ ಮಂತ್ರ

ಬಂಗಾರಪೇಟೆಯಿಂದ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ನನ್ನ ಪ್ರಯಾಣ. ಹೆಂಗಸರ ಡಬ್ಬಿಯಲ್ಲಿ ಸೊಪ್ಪಿನವರು, ಹೂವಿನವರು, ಮೊಸರಿನ ಗಡಿಗೆಯವರು, ಎಲ್ಲರೂ ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಸಂತೆಬೀದಿಗೆ ಹೊರಟವರು. ಅವರ ನಡುವೆ ನಾನು ಮೂಲೆಯಲ್ಲಿ ಕೂತು ಅವತ್ತಿನ ಪಾಠವನ್ನು ಬಾಯಲ್ಲೇ ಮಣಮಣ ಹೇಳಿಕೊಳ್ಳುತ್ತಿದ್ದೆ. ಕ್ಲಾಸಿನಲ್ಲಿ ತಡವರಿಸಬಾರದು ಎಂಬ ಹಟ.

ಮೊದಮೊದಲು ಯಾರೂ ಏನೂ ಕೇಳಲಿಲ್ಲ. ಆಮೇಲೆ ನೋಡಿದರೆ ನಾನು ಕೂತ ಕಡೆ ಜಾಗ ತಾನಾಗಿ ಬಿಡುವಾಗತೊಡಗಿತು. ಮೀನಿನ ಬುಟ್ಟಿಯವಳು ನನ್ನನ್ನು ನೋಡಿದರೆ ಆ ಕಡೆ ಹೋಗಿ ಕೂರುತ್ತಿದ್ದಳು. ಹೂವಿನವಳು ದಿನಾ ಒಂದು ಮೊಳ ಮಲ್ಲಿಗೆ ಪಕ್ಕದಲ್ಲಿಟ್ಟು ಕೈಮುಗಿದು ಇಳಿಯುತ್ತಿದ್ದಳು. ಟೀಚರಿಗೆ ಇಷ್ಟು ಗೌರವ ಕೊಡುವ ಊರು ಇನ್ನೆಲ್ಲಿದೆ ಎಂದು ನಾನು ಹಿಗ್ಗಿ ಮಲ್ಲಿಗೆ ಮುಡಿದುಕೊಳ್ಳುತ್ತಿದ್ದೆ.

ಒಂದು ದಿನ ಸೊಪ್ಪಿನವಳು ರಚ್ಚೆ ಹಿಡಿದ ಕೂಸನ್ನು ತಂದು ಸೀದಾ ನನ್ನ ಮಡಿಲಿಗೆ ಹಾಕಿದಳು. "ಅಮ್ಮಯ್ಯಾ, ರಾತ್ರಿಯೆಲ್ಲ ಅಳು. ಏನೋ ಕಂಡು ಎದ್ರಿಕೊಂಡೈತೆ. ನಿನ್ ಮಂತ್ರ ಒಂದೀಟು ಆಕಿ ಊದಮ್ಮಾ" ಎಂದಳು.

"ಮಂತ್ರ ಅಲ್ಲಮ್ಮಾ ಇದು, ಇಂಗ್ಲಿಷು. ಅಂಚೆ ಕಚೇರಿಯ ಪಾಠ" ಎಂದೆ. "ಯಾವ ದೇವ್ರುದಾದ್ರೇನು, ಊದು" ಎಂದಳು. ಡಬ್ಬಿಯ ಹೆಂಗಸರೆಲ್ಲ ಸುತ್ತ ನೆರೆದು ಕೈಮುಗಿದು ನಿಂತಿದ್ದರು. ಕೂಸು ಕಿರುಚುತ್ತಿತ್ತು. ಬೇರೆ ದಾರಿ ಕಾಣದೆ ಅಂಚೆ ಕಚೇರಿಯ ಪಾಠವನ್ನು ಮೊದಲಿಂದ ಶುರುಮಾಡಿದೆ. ಸ್ಟಾಂಪು ಅಂಟಿಸುವಷ್ಟರಲ್ಲಿ ಅಳು ನಿಂತಿತು. ಕಾಗದ ಪೆಟ್ಟಿಗೆಗೆ ಬೀಳುವಷ್ಟರಲ್ಲಿ ಕೂಸು ಗೊರಕೆ ಹೊಡೆಯುತ್ತಿತ್ತು. ನಾನೂ ನಾಲ್ಕು ಸಲ ಊದಿದೆ. ಅಷ್ಟು ನಂಬಿದವರ ಮುಂದೆ ಊದದೆ ಇರುವುದು ಹೇಗೆ?

ಸೊಪ್ಪಿನವಳು ಕೂಸನ್ನು ಮೆಲ್ಲಗೆ ಎತ್ತಿಕೊಂಡಳು. "ನಮ್ಮಕ್ಕನ ಮಗ ನಿಮ್ ಕ್ಲಾಸಲ್ಲೇ ಅವ್ನೆ ಕಣಮ್ಮಾ. ದಿನಾ ಏಳ್ತಿದ್ದ, ಟೀಚರಮ್ಮ ಬಾಯಿ ತೆಗುದ್ರೆ ಸಾಕು ಸುಖವಾಗಿ ನಿದ್ದೆ ಬತ್ತದೆ ಅಂತ. ನಾನೇ ನಂಬಿರ್ಲಿಲ್ಲ."

ಗುತ್ತಿಗೆ

ಮಕ್ಕಳ ಬಾಯಿಂದ ಇಂಗ್ಲಿಷ್ ಹೊರಡಿಸಲು ನಾನು ಒಂದು ಕಟ್ಟುನಿಟ್ಟಿನ ನಿಯಮ ಮಾಡಿದೆ. ಪಾಠದ ಮಧ್ಯೆ ಹೊರಗೆ ಹೋಗಬೇಕಾದರೆ ಇಂಗ್ಲಿಷಿನಲ್ಲೇ ಅಪ್ಪಣೆ ಕೇಳಬೇಕು. ಕೇಳದಿದ್ದರೆ ಕೂತಿರಬೇಕು.

ಒಂದು ವಾರ ಯಾರೂ ಏಳಲಿಲ್ಲ. ಆಮೇಲೆ ಎರಡು ಜಡೆಯವಳು ಎದ್ದು, "ಮೇ ಐ ಗೋ ಔಟ್ ಟೀಚರ್?" ಎಂದಳು. ನಾನು ಹಿಗ್ಗಿ "ಎಸ್" ಎಂದೆ. ಅವಳು ಕೂತಳು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ಹೊರಗೆ ಓಡಿದ. ಸ್ವಲ್ಪ ಹೊತ್ತಿಗೆ ಅವಳು ಮತ್ತೆ ಎದ್ದು ಕೇಳಿದಳು. ನಾನು ಮತ್ತೆ "ಎಸ್" ಎಂದೆ. ಈ ಸಲ ಮೂರು ಹುಡುಗಿಯರು ಕೈ ಕೈ ಹಿಡಿದು ಹೊರಟರು. ಕೇಳಿದವಳು ಬೆಂಚಿನ ಮೇಲೆ ಗಟ್ಟಿಯಾಗಿ ಕೂತೇ ಇದ್ದಳು.

"ಏನೇ ಇದು? ಕೇಳೋಳು ನೀನು, ಹೋಗೋರು ಅವರು?"

"ಅವರ ಪರವಾಗಿ ನಾನು ಕೇಳ್ತೀನಿ ಟೀಚರ್" ಎಂದಳು. ಅವಳ ಕಂಪಾಸ್ ಪೆಟ್ಟಿಗೆಯ ತುಂಬ ಯಲಚಿಹಣ್ಣು. ಒಂದು ಅಪ್ಪಣೆಗೆ ಇಷ್ಟು ಹಣ್ಣು ಎಂದು ಗೊತ್ತುಮಾಡಿಕೊಂಡಿದ್ದಳು. ಗಣಿಯಲ್ಲಿ ಮೇಸ್ತ್ರಿಯೊಬ್ಬ ಸಾಹೇಬರ ಹತ್ತಿರ ಮಾತಾಡಿ ಕೆಲಸ ಹಿಡಿಯುತ್ತಾನೆ, ಗ್ಯಾಂಗು ಅವನ ಹಿಂದೆ ಹೋಗುತ್ತದೆ. ಇಲ್ಲೂ ಹಾಗೆಯೇ. ಅವತ್ತಿನಿಂದ ಅವಳಿಗೆ ಮೇಸ್ತ್ರಿ ಎಂದೇ ಹೆಸರಾಯಿತು.

"ಅವರೇ ಕೇಳಿದರೆ ಏನು ಕಷ್ಟ?" ಎಂದು ಗದರಿದೆ.

"ಅವರಿಗೆ ಅವಸರ ಇರ್ತದೆ ಟೀಚರ್. ಅವಸರದಲ್ಲಿ ಇಂಗ್ಲಿಷ್ ಬರಲ್ಲ" ಎಂದಳು ಮೇಸ್ತ್ರಿ.

ಕೆಲವು ದಿನಗಳಾದ ಮೇಲೆ ಅಪ್ಪ ಹೇಳಿ ಕಳಿಸಿದರು, ಸಂಜೆ ಮುಳಬಾಗಲಿನವರು ನನ್ನನ್ನು ನೋಡಲು ಬರುತ್ತಾರೆ, ಬೇಗ ಹೊರಟು ಬಾ ಎಂದು. ಬೇಗ ಹೊರಡಬೇಕಾದರೆ ಹೆಡ್‌ಮಾಸ್ಟರ ಅಪ್ಪಣೆ ಬೇಕು. ಅವತ್ತು ಅವರು ಯಾರಿಗೋ ಬೈಯುತ್ತಿದ್ದದ್ದು ಅಂಗಳಕ್ಕೆಲ್ಲ ಕೇಳುತ್ತಿತ್ತು. ನಾನು ಅವರ ಬಾಗಿಲವರೆಗೆ ಹೋಗುವುದು, ವಾಪಸ್ಸು ಬರುವುದು, ಮತ್ತೆ ಹೋಗುವುದು. ಕಂಬದ ಮರೆಯಿಂದ ಮೇಸ್ತ್ರಿ ಬಂದು ಏನು ವಿಷಯ ಎಂದು ಕೇಳಿದಳು. ನೋಡಲು ಬರುವವರಿದ್ದಾರೆ, ಕೆಲಸ ಖಾಯಂ ಆಗದಿದ್ದರೆ ಮದುವೆಯೇ ಗತಿ ಎಂದು ಬಾಯ್ತಪ್ಪಿ ಹೇಳಿಬಿಟ್ಟೆ.

ಅವಳು ಪಾಪ ಎನ್ನುವಂತೆ ತಲೆದೂಗಿದಳು. ಆಮೇಲೆ ದನಿ ತಗ್ಗಿಸಿ, "ನಾನು ಹೋಗಿ ಕೇಳ್ಲಾ ಟೀಚರ್? ನಿಮಗೆ ಅಂತ ಒಂದೇ ಹಿಡಿ ಹಣ್ಣು" ಎಂದಳು.

ಅಪ್ಪನ ಹೋಂವರ್ಕು

"ಮನೆಯಲ್ಲಿ ದಿನಾ ಸ್ವಲ್ಪ ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿ" ಎಂದು ಮಕ್ಕಳಿಗೆ ಹೇಳಿದೆ. ಕೆಲವೇ ದಿನಕ್ಕೆ ಮೇಸ್ತ್ರಿಯ ಅಪ್ಪ ಶಾಲೆಗೆ ಬಂದರು. ಶಿಫ್ಟು ಮುಗಿಸಿ ನೇರವಾಗಿ ಬಂದಿದ್ದರು, ಕೈಯಲ್ಲಿ ಊಟದ ಕ್ಯಾರಿಯರು, ಹುಬ್ಬಿನ ಮೇಲೆ ಇನ್ನೂ ಗಣಿಯ ದೂಳು. ಮನೆಮಾತು ತಮಿಳು. ನನಗಾಗಿ ಕಷ್ಟಪಟ್ಟು ಕನ್ನಡ ಕಟ್ಟಿಕೊಂಡು ಮಾತಾಡಿದರು.

"ಟೀಚರಮ್ಮಾ, ಶಿಫ್ಟೆಲ್ಲ ನಿಂತೇ ಕೆಲ್ಸ ಮಾಡ್ತೀನಿ. ಮನೇಗ್ ಬಂದು ಕೂತ್ರೆ ಈ ಪೊಣ್ಣು, ನನ್ ಮಗಳು, 'ಸ್ಟಾಂಡಪ್' ಅಂತದೆ. ಯಾಕಮ್ಮಾ ಅಂತ ಕೇಳಿದ್ರೆ 'ಸೈಲೆನ್ಸ್' ಅಂತದೆ. ತಟ್ಟೆ ಮುಂದೆ ಕೂತ್ರೆ 'ಓಪನ್ ಯುವರ್ ಬುಕ್' ಅಂತದೆ. ನಮ್ಮಮ್ಮಂಗೆ ಹಲ್ಲಿಲ್ಲ, ಎಲೆಅಡಿಕೆ ಕುಟ್ಕೊಂಡು ಕೂತಿರ್ತಾರೆ. ಸದ್ದು ಮಾಡಿದ್ರು ಅಂತ ಅವ್ರನ್ನ ಗೋಡೆ ಕಡೆ ತಿರುಗಿಸಿ ಕೂಡಿಸ್ಬಿಡ್ತು ಇದು."

ನಾನು ಮೇಸ್ತ್ರಿಯನ್ನು ಕರೆದು, ಮನೆಯಲ್ಲಿ ಹೀಗೆಲ್ಲ ಯಾರಾದರೂ ಮಾತಾಡುತ್ತಾರಾ ಎಂದು ಕೇಳಿದೆ. ಅವಳಿಗೆ ಆಶ್ಚರ್ಯವಾಯಿತು. "ಕ್ಲಾಸಲ್ಲಿ ನೀವು ನಮ್ಮತ್ರ ಮಾತಾಡೋ ಇಂಗ್ಲಿಷು ಇಷ್ಟೇ ತಾನೇ ಟೀಚರ್?" ಎಂದಳು. ಅದೂ ನಿಜವೇ.

ಅವಳ ಅಪ್ಪ ಕೈ ಅಡ್ಡ ಹಿಡಿದರು. "ಬೈಬೇಡಿ ಟೀಚರಮ್ಮಾ. ಕಲೀಲಿ, ನಮಗೂ ಪೆರುಮೈನೇ, ಹೆಮ್ಮೆನೇ. ಆದ್ರೆ ಮೊದ್ಲು ಆ 'ಸಿಟ್ ಡೌನ್' ಅನ್ನೋದನ್ನ ಚೆನ್ನಾಗಿ ಕಲಿಸಿಬಿಡಿ" ಎಂದರು. ಕಲಿಸಿದೆ. ದಯವಿಟ್ಟು ಕೂತುಕೊಳ್ಳಿ, ಕಾಫಿ ಕುಡಿಯಿರಿ, ದಣಿದಿದ್ದೀರಾ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸಿದೆ. ಮಾತಿನಲ್ಲಿ ಮರ್ಯಾದೆ ಇರಬೇಕೆಂದು ಇಡೀ ಕ್ಲಾಸಿಗೆ ಒಂದು ಭಾಷಣವನ್ನೂ ಮಾಡಿದೆ.

ಆಮೇಲೊಮ್ಮೆ ಅವರು ರೈಲ್ವೆ ಗೇಟಿನ ಹತ್ತಿರ ಸಿಕ್ಕಿದರು. ಈಗ ಹೇಗೆ ಎಂದು ಕೇಳಿದೆ.

"ತುಂಬ ಮರ್ಯಾದೆ ಟೀಚರಮ್ಮಾ. 'ಪ್ಲೀಸ್ ಸಿಟ್ ಡೌನ್' ಅಂತದೆ, ಕಾಫಿ ಕೊಡ್ತದೆ. ಕುಡಿದ ಮೇಲೆ ನಿನ್ನೆ ಹೇಳ್ಕೊಟ್ಟ ಪಾಠ ಒಪ್ಪಿಸಿ ಅಂತದೆ. ನಾನು ರಾತ್ರಿ ಶಿಫ್ಟಿಗೆ ಬದಲಾಯಿಸ್ಕೊಂಡಿದೀನಿ."

ನೆಂಟರು

ಕೊನೆಗೂ ಇನ್‌ಸ್ಪೆಕ್ಟರ್ ಬರುವ ದಿನ ಗೊತ್ತಾಯಿತು. ಮುಳಬಾಗಲಿನವರು ಇನ್ನೂ ಕಾಯುತ್ತಿದ್ದರು. ಅವರ ಮನೆಯ ಹಸು ಒಂದು ಕರು ಹಾಕಿದೆಯಂತೆ ಎಂದು ಅಪ್ಪ ಮನೆಯಲ್ಲಿ ಸುದ್ದಿ ಹೇಳಿದ್ದರು. ಹೆಡ್‌ಮಾಸ್ಟರು ಹಿಂದಿನ ದಿನ ನನ್ನನ್ನು ಕರೆದು, "ನಾಳೆ ಒಂದು ದಡ್ಡ ಮಗುವನ್ನ ಎಬ್ಬಿಸಿ ಕೇಳಿದ್ರೆ ಮುಗೀತು ನಿನ್ನ ಕಥೆ" ಎಂದು ಗುಟ್ಟಾಗಿ ಹೇಳಿದರು. ಎಂದಿನಂತೆ ಆ ಗುಟ್ಟು ಏಳನೇ ಕ್ಲಾಸಿಗೆ ಸ್ಪಷ್ಟವಾಗಿ ಕೇಳಿಸಿತು.

ಮುಂದಿನದು ಅರ್ಥವಾಗಬೇಕಾದರೆ ಗಣಿಯ ಕಾರ್ಮಿಕರ ಲೈನ್ ಮನೆಗಳ ಒಂದು ಪದ್ಧತಿ ತಿಳಿದಿರಬೇಕು. ಅದು ನನಗೆ ಆಮೇಲೆ ತಿಳಿದದ್ದು, ನಿಮಗೆ ಮುಂಚೆಯೇ ಹೇಳಿಬಿಡುತ್ತೇನೆ. ಸಾಲಾಗಿ ಕಟ್ಟಿದ ಪುಟ್ಟ ಮನೆಗಳು, ಒಂದು ಕೋಣೆ, ಒಂದು ಅಡುಗೆ ಮೂಲೆ. ಮನೆಗೆ ಇಷ್ಟೇ ಜನ ಎಂದು ಕಟ್ಟಳೆ. ಆದರೆ ಕೆಲಸ ಹುಡುಕಿಕೊಂಡು ಊರಿಂದ ಬಂದ ಮಾವನನ್ನು, ಬಾಣಂತನಕ್ಕೆ ಬಂದ ಚಿಕ್ಕಮ್ಮನನ್ನು ಬೀದಿಗೆ ಹಾಕುವುದುಂಟೇ? ಅವರ ಜೊತೆಗೆ ನಾಲ್ಕು ಕೋಳಿ, ಒಂದು ಮೇಕೆ. ನೈರ್ಮಲ್ಯ ನೋಡುವ ಇನ್‌ಸ್ಪೆಕ್ಟರು ಲೈನಿನ ಆ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ಈ ತುದಿಯವರೆಗೆ ಸುದ್ದಿ ಹಬ್ಬುತ್ತಿತ್ತು. ಹೆಚ್ಚಿಗೆ ಇದ್ದವರೆಲ್ಲ ಹಿತ್ತಲ ಬಾಗಿಲಿಂದ ಮಾಯ. ಕೋಳಿಗಳು ಮಂಕರಿಯ ಕೆಳಗೆ. ಬಾಗಿಲಲ್ಲಿ ತಲೆ ಬಾಚಿಕೊಂಡ ಒಂದು ಮಗು ನಿಂತು, ನಾವು ಇಷ್ಟೇ ಜನ ಸಾರ್ ಎಂದು ಹೇಳಬೇಕು. ಹಾಸಿಗೆ ಜಾಸ್ತಿ ಕಂಡರೆ, ಅದು ನೆಂಟರದು, ವಿಶೇಷಕ್ಕೆ ಬಂದಿದ್ದಾರೆ, ನಾಳೆ ಹೋಗುತ್ತಾರೆ ಎನ್ನಬೇಕು. ಆ ಮಕ್ಕಳು ಅ ಆ ಇ ಈ ಕಲಿಯುವ ಮುಂಚೆಯೇ ಇದನ್ನು ಕಲಿತಿದ್ದರು. ನಾನು ಹಳ್ಳಿಯವಳು, ಅಲ್ಲಿ ಮನೆಯಲ್ಲಿ ಜನ ಜಾಸ್ತಿ ಇದ್ದಷ್ಟೂ ಜಂಬ.

ಶಾಲೆಯ ಇನ್‌ಸ್ಪೆಕ್ಷನ್ನಿನ ದಿನ ಬೆಳಗ್ಗೆ ತುಂಬಿದ ಕ್ಲಾಸನ್ನು ಬಿಟ್ಟು, ಸಾಹೇಬರನ್ನು ಕರೆತರಲು ಹೆಡ್‌ಮಾಸ್ಟರ ಕೋಣೆಗೆ ಹೋದೆ. ತಲೆ ಎತ್ತಿಯೇ ನಡೆದೆ. ಒಂದು ವರ್ಷ ಜೀವ ತೇಯ್ದು ಕಲಿಸಿದ್ದೆ, ಹಸು ಪೂರ್ತಿ ಹಸುವಾಗಿತ್ತು. ಸಾಹೇಬರು ಮುಂದೆ, ಹೆಡ್‌ಮಾಸ್ಟರು ಪಕ್ಕಕ್ಕೆ, ನಾನು ಹಿಂದೆ. ಕ್ಲಾಸಿನೊಳಗೆ ಕಾಲಿಟ್ಟವಳು ಹೊಸ್ತಿಲಲ್ಲೇ ನಿಂತುಬಿಟ್ಟೆ.

ಮುಂದಿನ ಬೆಂಚಿನಲ್ಲಿ ಆರೇ ಆರು ಮಕ್ಕಳು ಕೂತಿದ್ದರು. ಎಣ್ಣೆ ಹಚ್ಚಿ ಬಾಚಿದ ತಲೆ, ಕಟ್ಟಿದ ಕೈ. ನೆಲ ಗುಡಿಸಿತ್ತು. ಹಿಂದಿನ ಬೆಂಚುಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಗೋಡೆಗೆ ಒರಗಿಸಿದ್ದರು. ಉಳಿದವರ ಸುಳಿವೇ ಇಲ್ಲ.

ಸಾಹೇಬರು ಕನ್ನಡಕ ಮೂಗಿನ ತುದಿಗೆ ಇಳಿಸಿ ಸುತ್ತ ನೋಡಿದರು. "ಮಿಕ್ಕ ಮಕ್ಕಳೆಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಹೆಡ್‌ಮಾಸ್ಟರ ಮುಖ ನೋಡಿದೆ. ಹೆಡ್‌ಮಾಸ್ಟರಿಗೆ ಜೀವನದಲ್ಲಿ ಮೊದಲ ಸಲ ದನಿ ಹೊರಡಲಿಲ್ಲ.

ಮೇಸ್ತ್ರಿ ಎದ್ದು ನಿಂತಳು. ಅವಳು ಮುಂದೆ ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ, ಒಂದು ಕಡೆಯೂ ತಡವರಿಸದೆ. "ಸರ್, ಇಲ್ಲಿರುವುದು ನಾವು ಆರೇ ಜನ ಸರ್."

"ಹಾಗಾದರೆ ಆ ಮೂಲೆಯಲ್ಲಿ ಅಷ್ಟೊಂದು ಚೀಲಗಳಿವೆಯಲ್ಲ?"

"ಅವು ನೆಂಟರವು ಸರ್. ಒಂದು ವಿಶೇಷಕ್ಕೆ ಬಂದಿದ್ದಾರೆ ಸರ್. ನಾಳೆ ಹೊರಟುಹೋಗುತ್ತಾರೆ ಸರ್."

"ಏನು ವಿಶೇಷ?"

ಇದನ್ನು ಲೈನಿಗೆ ಬರುವ ಇನ್‌ಸ್ಪೆಕ್ಟರು ಯಾವತ್ತೂ ಕೇಳಿದವರಲ್ಲ. ಮೇಸ್ತ್ರಿ ಒಂದು ಕ್ಷಣ ನನ್ನ ಮುಖ ನೋಡಿದಳು. "ನಮ್ಮ ಟೀಚರ ಮದುವೆ ಸರ್. ನೀವು ಒಳ್ಳೆಯ ಮಾತು ಹೇಳದಿದ್ದರೆ ಮದುವೆ ಮಾಡಿಬಿಡುತ್ತಾರೆ ಸರ್. ಟೀಚರಿಗೆ ಇಷ್ಟವಿಲ್ಲ ಸರ್."

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಸಾಹೇಬರು ಕನ್ನಡಕ ತೆಗೆದು, ಯಾರನ್ನು ಕೇಳುವುದೋ ತಿಳಿಯದೆ, "ಇದು ನಿಜವಾ?" ಎಂದು ಗೋಡೆಯನ್ನೇ ಕೇಳಿದರು.

"ಎಸ್ ಸರ್!" ಎಂದು ಕಿಟಕಿಯ ಕೆಳಗಿನಿಂದ ಇಡೀ ಏಳನೇ ಕ್ಲಾಸು ಒಂದೇ ದನಿಯಲ್ಲಿ ಕೂಗಿತು.

ಸಾಹೇಬರು ಹೋಗಿ ಕಿಟಕಿಯಿಂದ ಬಗ್ಗಿ ನೋಡಿದರು. ಗೋಡೆಯ ಉದ್ದಕ್ಕೂ ಮಕ್ಕಳು ಸಾಲಾಗಿ ಕುಕ್ಕರಗಾಲಲ್ಲಿ ಕೂತಿದ್ದರು. ಒಳಗೆ ಬನ್ನಿ ಎಂದು ಕರೆದರು. ಒಬ್ಬೊಬ್ಬರಾಗಿ ಬಂದರು, ಬರುತ್ತಲೇ ಇದ್ದರು. ನಮ್ಮ ಕ್ಲಾಸಿನವರು ಮುಗಿದ ಮೇಲೂ ಬಂದರು. ಬಚ್ಚಿಟ್ಟುಕೊಳ್ಳುವುದೆಂದರೆ ಆರನೇ ಕ್ಲಾಸಿನವರಿಗೂ ಆಸೆಯಾಗಿ ನಾಲ್ಕಾರು ಜನ ಸೇರಿಕೊಂಡಿದ್ದರು. ಕೊನೆಯಲ್ಲಿ ಬಂದ ದೊಡ್ಡ ಹುಡುಗನನ್ನು ಸಾಹೇಬರು ತಡೆದು ನಿಲ್ಲಿಸಿ, ಯಾಕಪ್ಪಾ ಹೊರಗೆ ಕೂತಿದ್ದೆ ಎಂದು ಕನ್ನಡದಲ್ಲೇ ಕೇಳಿದರು.

"ನಾವೆಲ್ಲ ದಡ್ಡರು ಸಾರ್. ನಮ್ಮನ್ನ ಕೇಳಿದ್ರೆ ನಮಗೆ ಬರಲ್ಲ, ಟೀಚರ್ ಕೆಲ್ಸ ಹೋಗ್ತದೆ. ಅದಕ್ಕೇ ನಾವೇ ಹೋಗಿ ಕೂತ್ವಿ" ಎಂದ ಅವನು, ತಲೆ ತಗ್ಗಿಸಿಕೊಂಡು.

ನನಗೆ ಅಳು ತಡೆಯಲಾಗಲಿಲ್ಲ. ವರ್ಷವಿಡೀ ಯಾರ ಎದುರಿಗೂ ಕಣ್ಣೀರು ಹಾಕದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೋರ್ಡಿನ ಕಡೆ ತಿರುಗಿದೆ. ಕೆಲಸ ಹೋದರೂ ಹೋಗಲಿ, ಈ ಮಕ್ಕಳು ನನ್ನವರು ಎನ್ನಿಸಿತು. ಹಿಂದೆ ಹೆಡ್‌ಮಾಸ್ಟರು ತಡವರಿಸುತ್ತ ಸಾಹೇಬರಿಗೆ ಸಮಾಧಾನ ಹೇಳುತ್ತಿದ್ದರು, "ಸಾರ್, ಮಕ್ಕಳು ಸಾರ್, ಸುಳ್ಳು ಹೇಳಿಬಿಟ್ರು ಸಾರ್, ಕ್ಷಮಿಸ್ಬೇಕು ಸಾರ್, ಡ್ರಿಲ್ ಮಾಸ್ಟರಿಗೆ ಕ್ಲಾಸು ಕೊಟ್ಟುಬಿಡ್ತೀನಿ ಸಾರ್."

ಸಾಹೇಬರು ಕುರ್ಚಿ ಎಳೆದುಕೊಂಡು ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಕನ್ನಡಕ ಒರೆಸಿ ಹಾಕಿಕೊಂಡು ಹೇಳಿದರು:

"ಏನ್ರೀ ಕೊಡೋದು ಡ್ರಿಲ್ ಮಾಸ್ಟರಿಗೆ? ಜಿಲ್ಲೆಯೆಲ್ಲ ಸುತ್ತಿದೀನಿ. ನಿನ್ನ ಹೆಸರೇನು ಅಂತ ಕೇಳಿದ್ರೆ ಮಕ್ಕಳು ಇಂಗ್ಲಿಷಲ್ಲಿ ಒಂದು ನಿಜ ಹೇಳೋಕೆ ಒದ್ದಾಡ್ತಾವೆ. ಇಲ್ಲಿ ನೋಡಿದ್ರೆ ಸಲೀಸಾಗಿ ಸುಳ್ಳು ಹೇಳ್ತಾರಲ್ರೀ! ಇಂಥ ಟೀಚರನ್ನ ಮದುವೆ ಮಾಡಿ ಕಳಿಸೋಕೆ ನಿಮಗೇನು ತಲೆ ಕೆಟ್ಟಿದೆಯಾ?"